ದಿಲ್ಲಿಗೆ ಹೋದವರು ಬರೆದದ್ದು, ಬರೆಯದೆ ಬಿಟ್ಟದ್ದು: ಮೇಲುಕೋಟೆ–ಮಂಡ್ಯ ಸೀಮೆಯ ಸಂಸದರು ಮತ್ತು ರಾಜಕೀಯ ಆತ್ಮಕಥನ

ಕರ್ನಾಟಕವು ತಮಿಳುನಾಡಿಗೆ ದಿನಕ್ಕೆ 1.25 ಟಿಎಂಸಿ ಕಾವೇರಿ ನೀರು ಬಿಡಬೇಕೆಂದು 2002ರ ಸೆಪ್ಟೆಂಬರ್ 3ರಂದು ಸುಪ್ರೀಂ ಕೋರ್ಟು ಹೇಳಿತು. ಆಗ ವ್ಯಾಜ್ಯದ ಎರಡು ದಡಗಳಲ್ಲಿ ನಿಂತಿದ್ದ ಮುಖ್ಯಮಂತ್ರಿಗಳಿಬ್ಬರೂ ಮಂಡ್ಯ ಜಿಲ್ಲೆಯ ನೆಲದಲ್ಲೇ ಹುಟ್ಟಿದವರು. ಎಸ್.ಎಂ. ಕೃಷ್ಣ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದರು, ಜೆ. ಜಯಲಲಿತಾ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1948ರಲ್ಲಿ. ಇಬ್ಬರೂ ಮುಖ್ಯಮಂತ್ರಿಯಾಗುವ ಮೊದಲು ಸಂಸತ್ತಿನಲ್ಲಿ ಕುಳಿತವರು. 1984ರಲ್ಲಿ ಕೃಷ್ಣ ಲೋಕಸಭೆಯಲ್ಲಿದ್ದರು, ಆ ವರ್ಷದ ಏಪ್ರಿಲ್‌ನಲ್ಲಿ ಜಯಲಲಿತಾ ರಾಜ್ಯಸಭೆಗೆ ಬಂದರು. ಕೆಲವು ತಿಂಗಳ ಮಟ್ಟಿಗೆ ಇಬ್ಬರೂ ಒಂದೇ ವೃತ್ತಾಕಾರದ ಕಟ್ಟಡದ ಎರಡು ಸದನಗಳ ಸದಸ್ಯರು. ಕೃಷ್ಣ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಆತ್ಮಕಥನ ಕೊಟ್ಟು ಹೋದರು. ಜಯಲಲಿತಾ ರಾಜಕೀಯಕ್ಕೆ ಬರುವ ಮೊದಲೇ ಒಂದು ಆತ್ಮಕಥನವನ್ನು ಆರಂಭಿಸಿ ಅರ್ಧಕ್ಕೆ ನಿಲ್ಲಿಸಿದ್ದರು.

ಈ ಲೇಖನದ ಪ್ರಶ್ನೆ ಹುಟ್ಟುವುದು ಈ ಜೋಡಿಯಿಂದಲೇ. ರಾಷ್ಟ್ರದ ಶಾಸನಸಭೆಗೆ ಹೋದವರು ತಮ್ಮ ರಾಜಕೀಯ ಬದುಕನ್ನು ಬರೆದಾಗ ಅಲ್ಲಿ ಸಂಸತ್ತು ಎಷ್ಟು ಇರುತ್ತದೆ? ಬರೆಯದೆ ಹೋದಾಗ ಅವರನ್ನು ಕಳಿಸಿದ ಸೀಮೆ ಏನನ್ನು ಕಳೆದುಕೊಳ್ಳುತ್ತದೆ? ನನ್ನ ವಾದ ಇಷ್ಟು: ಕನ್ನಡನಾಡಿನ ಸಂಸದರ ಆತ್ಮಕಥನಗಳಲ್ಲಿ ಅಧಿಕಾರದ ಕುರ್ಚಿಗೆ ಸಿಗುವ ಜಾಗ ಸದನದ ಬೆಂಚಿಗೆ ಸಿಗುವುದಿಲ್ಲ. ಅವರು ಸದನದಲ್ಲಿ ಆಡಿದ ಮಾತು ಅಚ್ಚಾದ ನಡವಳಿಗಳಲ್ಲಿದೆ. ಆ ಮಾತಿನ ಹಿಂದಿನ ಕಾರಣ ಮಾತ್ರ ಆತ್ಮಕಥನದಲ್ಲಿ ಬರಬೇಕಾದದ್ದು, ಬರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಅಭ್ಯಾಸ ನಮ್ಮ ರಾಜಕೀಯ ಚರಿತ್ರೆಗೆ ತುರ್ತಾಗಿ ಬೇಕು.

ಮೊದಲು ಕ್ಷೇತ್ರದ ಸಾಲನ್ನು ನೋಡೋಣ. ಈಗಿನ ಮಂಡ್ಯ ಲೋಕಸಭಾ ಕ್ಷೇತ್ರದೊಳಗೆ ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ ವಿಧಾನಸಭಾ ಕ್ಷೇತ್ರಗಳೂ ಮಂಡ್ಯ, ಮದ್ದೂರು, ಮಳವಳ್ಳಿ, ಕೃಷ್ಣರಾಜನಗರಗಳೂ ಇವೆ. 1952ರಿಂದ ಸತತ ನಾಲ್ಕು ಸಲ ಆರಿಸಿ ಹೋದವರು ಎಂ.ಕೆ. ಶಿವನಂಜಪ್ಪ. 1968ರ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಎಸ್.ಎಂ. ಕೃಷ್ಣ ಗೆದ್ದರು, 1971ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದು, ಮರುವರ್ಷ ದೇವರಾಜ ಅರಸರ ಮಂತ್ರಿಮಂಡಲಕ್ಕೆಂದು ರಾಜ್ಯಕ್ಕೆ ಮರಳಿದರು. ಆ ಮೇಲೆ ಕೆ. ಚಿಕ್ಕಲಿಂಗಯ್ಯ, 1980ರಲ್ಲಿ ಪುನಃ ಕೃಷ್ಣ, 1984ರಲ್ಲಿ ಜನತಾ ಪಕ್ಷದ ಕೆ.ವಿ. ಶಂಕರಗೌಡ, 1989 ಮತ್ತು 1991ರಲ್ಲಿ ಜಿ. ಮಾದೇಗೌಡ, 1996ರಲ್ಲಿ ಕೆ.ಆರ್. ಪೇಟೆಯ ಕೃಷ್ಣ, 1998ರಿಂದ ಮೂರು ಸಲ ಅಂಬರೀಶ್. 2009ರಲ್ಲಿ ನಾಗಮಂಗಲದ ಎನ್. ಚೆಲುವರಾಯಸ್ವಾಮಿ, 2013ರ ಉಪಚುನಾವಣೆಯಲ್ಲಿ ರಮ್ಯಾ, 2014ರಲ್ಲಿ ಪಾಂಡವಪುರ ತಾಲ್ಲೂಕಿನ ಸಿ.ಎಸ್. ಪುಟ್ಟರಾಜು, 2018ರ ಉಪಚುನಾವಣೆಯಲ್ಲಿ ಎಲ್.ಆರ್. ಶಿವರಾಮೇಗೌಡ, 2019ರಲ್ಲಿ ಸುಮಲತಾ, 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ.

ಈ ಸಾಲಿನಲ್ಲಿ ಒಂದು ಲಕ್ಷಣ ಎದ್ದು ಕಾಣುತ್ತದೆ: ದಿಲ್ಲಿ ಇಲ್ಲಿ ನೆಲೆಯಲ್ಲ, ದಾರಿ. ಕೃಷ್ಣ ಎರಡು ಸಲ ಲೋಕಸಭೆಯಿಂದ ರಾಜ್ಯ ರಾಜಕಾರಣಕ್ಕೆ ಮರಳಿದರು. ಪುಟ್ಟರಾಜು 2018ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಗೆದ್ದು ಸಂಸದ ಸ್ಥಾನ ಬಿಟ್ಟರು. ಅವರಿಂದ ತೆರವಾದ ಸ್ಥಾನಕ್ಕೆ ಬಂದ ಶಿವರಾಮೇಗೌಡರಿಗೆ ಸಿಕ್ಕಿದ್ದು ಕೆಲವೇ ತಿಂಗಳು. ಕೆ.ಆರ್. ಪೇಟೆಯ ಕೃಷ್ಣ ಮುಂದೆ ಹೆಸರಾದದ್ದು ವಿಧಾನಸಭೆಯ ಸ್ಪೀಕರ್ ಆಗಿ. ಮಂಡ್ಯದ ಮತದಾರನೂ ಎಂಪಿಯನ್ನು ಅಳೆಯುವುದು ನಾಲೆಗೆ ನೀರು ಬಂತೇ, ಕಬ್ಬಿನ ಬಾಕಿ ಹಣ ಬಂತೇ ಎಂಬ ಲೆಕ್ಕದಲ್ಲಿ. ಅದು ನ್ಯಾಯವಾದ ಲೆಕ್ಕವೇ. ಆದರೆ ಸಂಸತ್ತಿನಲ್ಲಿ ಕಳೆದ ವರ್ಷಗಳು ನೆನಪಿಗೆ ತಕ್ಕ ವಸ್ತು ಎಂಬ ಭಾವನೆ ಸದಸ್ಯನಲ್ಲೂ ಊರಿನಲ್ಲೂ ಬಲಿಯದಿರಲು ಇದೂ ಒಂದು ಕಾರಣ.

ಎರಡನೆಯ ಕಾರಣ ಕಾನೂನಿನದು. ಇದರ ಕಡೆಗೆ ನಮ್ಮ ಆತ್ಮಕಥನ ವಿಮರ್ಶೆ ಗಮನ ಕೊಟ್ಟದ್ದು ಕಡಿಮೆ. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿರುವ ಸಂಸತ್ ಸದಸ್ಯರ ಪ್ರಮಾಣದಲ್ಲಿ ಗುಟ್ಟು ಕಾಪಾಡುವ ಮಾತಿಲ್ಲ. ಮಂತ್ರಿಗೆ ಮಾತ್ರ ಅಧಿಕಾರದ ಪ್ರಮಾಣದ ಜೊತೆಗೆ ಗೌಪ್ಯತೆಯ ಪ್ರಮಾಣವೂ ಇದೆ. ಅಧಿಕೃತ ರಹಸ್ಯಗಳ ಕಾಯಿದೆ 1923ರಿಂದಲೂ ಇದೆ. ಹಾಗೆ ನೋಡಿದರೆ ಎಂದೂ ಮಂತ್ರಿಯಾಗದ ಹಿಂದಿನ ಬೆಂಚಿನ ಸದಸ್ಯನೇ ಬಿಚ್ಚಿ ಬರೆಯಬಲ್ಲವನು. ಬರೆಯುವವರು ಮಾತ್ರ ಹೆಚ್ಚಾಗಿ ಮಂತ್ರಿಗಳಾಗಿದ್ದವರು. ಇನ್ನೊಂದು ತೊಡಕು 105ನೆಯ ವಿಧಿಯಲ್ಲಿದೆ. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಸದನದ ಅಧಿಕಾರದಿಂದ ಪ್ರಕಟವಾದ ವರದಿಗೂ ಆ ರಕ್ಷಣೆ ಉಂಟು. ಅದೇ ವಾಕ್ಯವನ್ನು ಇಪ್ಪತ್ತು ವರ್ಷದ ಮೇಲೆ ತನ್ನ ಪುಸ್ತಕದಲ್ಲಿ ತನ್ನ ಮಾತಾಗಿ ಬರೆದರೆ ಆ ರಕ್ಷಣೆ ಜೊತೆಗೆ ಬರುವುದಿಲ್ಲ, ಮಾನನಷ್ಟದ ಮೊಕದ್ದಮೆ ಬರಬಹುದು. ಇದರ ಫಲವೆಂದರೆ ಸದಸ್ಯನ ದಿಟ್ಟ ಮಾತು ನಡವಳಿಯಲ್ಲೂ ಹದ ಮಾಡಿದ ಮಾತು ಆತ್ಮಕಥನದಲ್ಲೂ ಉಳಿಯುತ್ತದೆ. ಸಾಮಾನ್ಯವಾಗಿ ನಾವು ಸರ್ಕಾರಿ ದಾಖಲೆಯನ್ನು ಒಣ ಬರಹವೆಂದೂ ಆತ್ಮಕಥನವನ್ನು ಮನಸ್ಸಿನ ಬರಹವೆಂದೂ ತಿಳಿಯುತ್ತೇವೆ. ಸಂಸದರ ವಿಷಯದಲ್ಲಿ ಈ ತಿಳಿವಳಿಕೆಯನ್ನು ತಿರುಗಿಸಿ ಹಾಕಬೇಕು.

ಇಂಗ್ಲೆಂಡಿನಲ್ಲಿ ಈ ಗಡಿಯ ಪ್ರಶ್ನೆ ನೇರವಾಗಿ ನ್ಯಾಯಾಲಯದ ಮುಂದೆ ಬಂತು. ಮಂತ್ರಿಯಾಗಿದ್ದ ರಿಚರ್ಡ್ ಕ್ರಾಸ್‌ಮನ್ನರ ದಿನಚರಿಗಳು ಅವರು ತೀರಿಕೊಂಡ ಮೇಲೆ ಅಚ್ಚಿಗೆ ಹೋದಾಗ ಸರ್ಕಾರ ತಡೆ ಕೇಳಿತು. 1975ರಲ್ಲಿ ನ್ಯಾಯಾಲಯ ತಡೆ ಕೊಡಲು ಒಪ್ಪಲಿಲ್ಲ. ನಮ್ಮಲ್ಲಿ ಎಸ್. ನಿಜಲಿಂಗಪ್ಪನವರೂ ದಿನಚರಿ ಇಟ್ಟವರು. ಸಂವಿಧಾನ ಸಭೆಯ ಸದಸ್ಯರಾಗಿ, 1952ರಲ್ಲಿ ಚಿತ್ರದುರ್ಗದಿಂದ ಲೋಕಸಭಾ ಸದಸ್ಯರಾಗಿ, ಮುಂದೆ ಮುಖ್ಯಮಂತ್ರಿಯಾಗಿ, 1969ರಲ್ಲಿ ಕಾಂಗ್ರೆಸ್ ಒಡೆದಾಗ ಅದರ ಅಧ್ಯಕ್ಷರಾಗಿದ್ದ ಅವರ ಇಂಗ್ಲಿಷ್ ಆತ್ಮಕಥೆ ‘ಮೈ ಲೈಫ್ ಅಂಡ್ ಪಾಲಿಟಿಕ್ಸ್’ ಅವರು ತೀರಿಹೋದ 2000ದಲ್ಲಿ ಹೊರಬಂತು. ಪಕ್ಷ ಒಡೆದ ಕಾಲವನ್ನು ಬಗೆಯುವ ಯಾರೂ ಅವರ ದಿನಚರಿಯನ್ನು ಬಿಟ್ಟು ಮುಂದೆ ಹೋಗಲಾರರು. ದಿನ ದಿನದ ಬರಹಕ್ಕೂ ಮುಪ್ಪಿನ ನೆನಪಿಗೂ ಇರುವ ಅಂತರ ಇಲ್ಲಿ ಸ್ಪಷ್ಟ: ದಿನಚರಿಗೆ ಮುಂದೇನಾಯಿತೆಂದು ಗೊತ್ತಿರುವುದಿಲ್ಲ, ಅದೇ ಅದರ ಬೆಲೆ.

ಕರ್ನಾಟಕದ ಇತರ ಸಂಸದರ ಕೃತಿಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮಾರ್ಗರೆಟ್ ಆಳ್ವರ ‘ಕರೇಜ್ ಅಂಡ್ ಕಮಿಟ್‌ಮೆಂಟ್’ (2016), ಬಿ. ಜನಾರ್ದನ ಪೂಜಾರಿಯವರ ‘ಸಾಲಮೇಳದ ಸಂಗ್ರಾಮ’ (2018), 2009ರಲ್ಲಿ ಮೈಸೂರಿನಿಂದ ಲೋಕಸಭೆಗೆ ಹೋದ ಕೃಷ್ಣರಾಜನಗರದ ಎಚ್. ವಿಶ್ವನಾಥರ ‘ಹಳ್ಳಿ ಹಕ್ಕಿಯ ಹಾಡು’ ಮೂರೂ ಬೇರೆ ಬೇರೆ ಸ್ವಭಾವದವು. ಪೂಜಾರಿಯವರ ಪುಸ್ತಕದ ಹೆಸರೇ ಹೇಳುವಂತೆ ಅವರು ತಮ್ಮನ್ನು ನೆನೆಯುವುದು ಹಣಕಾಸು ಖಾತೆಯಲ್ಲಿ ಮಾಡಿದ ಒಂದು ಕೆಲಸದ ಮೂಲಕ. ಇವುಗಳ ಎದುರು ಬಂಗಾಳದ ಹಿರೇನ್ ಮುಖರ್ಜಿಯವರ ‘ಪೋರ್ಟ್ರೇಟ್ ಆಫ್ ಪಾರ್ಲಿಮೆಂಟ್’ ಇಟ್ಟರೆ ಕೊರತೆ ಏನೆಂದು ತಿಳಿಯುತ್ತದೆ. 1952ರಿಂದ 1977ರವರೆಗೆ ವಿರೋಧ ಪಕ್ಷದ ಬೆಂಚಿನಲ್ಲಿ ಕುಳಿತು, ಒಮ್ಮೆಯೂ ಮಂತ್ರಿಯಾಗದೆ, ಸದನವನ್ನೇ ನಾಯಕನನ್ನಾಗಿ ಮಾಡಿಕೊಂಡು ಬರೆದ ಪುಸ್ತಕ ಅದು. ಕನ್ನಡದಲ್ಲಿ ಅಂಥ ಪುಸ್ತಕ ಬೇಕು ಎಂಬ ಆಸೆಯಿಂದಲೇ ನಾನು ಕೃಷ್ಣರ ‘ಸ್ಮೃತಿವಾಹಿನಿ’ಯ ಕಡೆಗೆ ಬರುತ್ತೇನೆ.

‘ಸ್ಮೃತಿವಾಹಿನಿ’ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರೊಂದಿಗೆ ಅವರ ಬಗೆಗಿನ ಇತರ ಸಂಪುಟಗಳೂ ಬಂದವು. ಈ ಹೊರರೂಪವನ್ನು ಗಮನಿಸಬೇಕು. ಆತ್ಮಕಥನ ಒಂಟಿಯಾಗಿ ಬರಲಿಲ್ಲ, ಅಭಿನಂದನೆಯ ಪರಿವಾರದೊಡನೆ ಬಂತು. ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯಲ್ಲಿ ಆಚಾರ್ಯರ ಬದುಕು ಉಳಿದಿರುವುದು ಶಿಷ್ಯರು ಬರೆದ ಗುರುಪರಂಪರೆಯ ಕಥನಗಳಲ್ಲಿ. ನಮ್ಮ ರಾಜಕೀಯ ಬರಹಕ್ಕೂ ಈ ಗುಣ ಇಳಿದು ಬಂದಿದೆ. ಹಿರಿಯರ ಬದುಕನ್ನು ಭಕ್ತಿಯಿಂದ ಕೇಳಿ ದಾಖಲಿಸುವ ಸಂಪ್ರದಾಯದಿಂದ ನಮಗೆ ಸಿಕ್ಕಿದ್ದು ಅಪಾರ. ರಾಜಕೀಯ ಚರಿತ್ರೆಗೆ ಮಾತ್ರ ಅದಕ್ಕಿಂತ ಒರಟು ಕೇಳ್ವಿ ಬೇಕಾಗುತ್ತದೆ.

ಕೃಷ್ಣರ ಬದುಕಿನ ಹರಹು ಯಾವ ಆತ್ಮಕಥನಕಾರನಿಗೂ ಕಷ್ಟ ಕೊಡುವಂಥದು. ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕದಲ್ಲಿ ಓದು, 1962ರಲ್ಲಿ ಪಕ್ಷೇತರನಾಗಿ ಮದ್ದೂರಿನಲ್ಲಿ ಗೆಲುವು, 1967ರಲ್ಲಿ ಸೋಲು, ಮರುವರ್ಷ ಲೋಕಸಭೆ. ಆಮೇಲೆ ಕೇಂದ್ರದಲ್ಲಿ ಕೈಗಾರಿಕೆ ಮತ್ತು ಹಣಕಾಸು ಖಾತೆಗಳ ರಾಜ್ಯ ಸಚಿವ, ವಿಧಾನಸಭೆಯ ಸ್ಪೀಕರ್, ಉಪಮುಖ್ಯಮಂತ್ರಿ, ರಾಜ್ಯಸಭಾ ಸದಸ್ಯ, 1999ರ ಅಕ್ಟೋಬರಿನಿಂದ 2004ರ ಮೇವರೆಗೆ ಮುಖ್ಯಮಂತ್ರಿ, ಮಹಾರಾಷ್ಟ್ರದ ರಾಜ್ಯಪಾಲ, 2009ರಿಂದ 2012ರವರೆಗೆ ವಿದೇಶಾಂಗ ಸಚಿವ, 2017ರಲ್ಲಿ ಬಿಜೆಪಿಗೆ. ಇಷ್ಟು ಮೆಟ್ಟಿಲು ಹತ್ತಿದವರ ಕಥೆ ಹೇಳುವಾಗ ಓದುಗರು ಕೇಳುವುದೂ ರಾಜ್‌ಕುಮಾರ್ ಅಪಹರಣದ 108 ದಿನಗಳನ್ನು, ಕಾವೇರಿ ಪಾದಯಾತ್ರೆಯನ್ನು, ಬೆಂಗಳೂರಿನ ಬೆಳವಣಿಗೆಯನ್ನು. ಆ ಭಾರದ ಕೆಳಗೆ 1968ರಿಂದ 1972ರವರೆಗಿನ ತರುಣ ಸಂಸದ ಕುಗ್ಗಿಹೋಗುತ್ತಾನೆ. ನನ್ನ ಕುತೂಹಲವೆಲ್ಲ ಆ ತರುಣನ ಮೇಲೆಯೇ.

ಆ ನಾಲ್ಕು ವರ್ಷಗಳಲ್ಲಿ ಏನೇನಾಯಿತು? 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, ಕಾಂಗ್ರೆಸ್ಸಿನ ಒಡಕು. 1970ರ ಸೆಪ್ಟೆಂಬರ್ 2ರಂದು ಮಾಜಿ ಅರಸರ ರಾಜಧನ ರದ್ದತಿಯ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಗೆದ್ದಿತು. 5ರಂದು ರಾಜ್ಯಸಭೆಯಲ್ಲಿ ಮೂರನೇ ಎರಡು ಬಹುಮತಕ್ಕೆ ಒಂದು ಮತಕ್ಕೂ ಕಡಿಮೆ ಅಂತರದಲ್ಲಿ ಬಿದ್ದಿತು. ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜಮುಡಿ ಒಪ್ಪಿಸಿದ ಒಡೆಯರ್ ಮನೆತನದ ರಾಜಧನವೂ ಆ ಮಸೂದೆಯೊಳಗಿತ್ತು. ಅರಮನೆಯ ಮೇಲಿನ ಗೌರವವೂ ಸಮಾಜವಾದದ ಆಸೆಯೂ ಒಟ್ಟಿಗೇ ಇದ್ದ ಕ್ಷೇತ್ರದಿಂದ ಹೋದ ಸೋಷಲಿಸ್ಟ್ ಸದಸ್ಯನಿಗೆ ಅದು ಎಂಥ ಗಳಿಗೆಯಾಗಿರಬೇಕು! ಇನ್ನೊಂದು ಪ್ರಶ್ನೆ ಬೆಳಗಾವಿಯ ಗಡಿಯದು. ಮಹಾಜನ ಆಯೋಗದ ವರದಿ ಬಂದದ್ದು 1967ರಲ್ಲಿ. ಆ ಲೋಕಸಭೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ದೊಡ್ಡ ಧ್ವನಿ ಮಹಾರಾಷ್ಟ್ರದ ನಾಥ್ ಪೈ. ಗಡಿ ವಿವಾದದಲ್ಲಿ ಅವರ ನಿಲುವು ಕನ್ನಡಿಗರ ನಿಲುವಿಗೆ ತೀರ ಎದುರು. ಒಂದೇ ಪಕ್ಷದ ಬೆಂಚಿನಲ್ಲಿ ಕುಳಿತ ಮಂಡ್ಯದ ಸದಸ್ಯ ಆ ಬಿಗಿತವನ್ನು ಹೇಗೆ ನಿಭಾಯಿಸಿದ? ಅದೇ ಸದನದಲ್ಲಿ ಇನ್ನೊಂದು ಸೋಷಲಿಸ್ಟ್ ಪಕ್ಷದಿಂದ ಬಂದಿದ್ದ ಶಿವಮೊಗ್ಗದ ಜೆ.ಎಚ್. ಪಟೇಲರು 1967ರಲ್ಲಿ ಕನ್ನಡದಲ್ಲಿ ಮಾತಾಡಿ ಹೊಸ ಹಾದಿ ತೆಗೆದಿದ್ದರು. ಇವುಗಳ ಉತ್ತರ ವ್ಯಕ್ತಿಯ ಗುಟ್ಟಿನದಲ್ಲ; ಒಂದು ತಲೆಮಾರಿನ ಕನ್ನಡ ಸಮಾಜವಾದಿಗಳು ರಾಷ್ಟ್ರ ಮತ್ತು ನಾಡಿನ ನಡುವೆ ಹೇಗೆ ನಿಂತರು ಎಂಬುದರದು. ಆತ್ಮಕಥನಕ್ಕೆ ಇದಕ್ಕಿಂತ ಯೋಗ್ಯ ವಸ್ತು ಯಾವುದು?

ಇನ್ನು ಜಯಲಲಿತಾ. ಮೇಲುಕೋಟೆ ಎಂದೊಡನೆ ಅವರ ಹೆಸರನ್ನು ಹೇಳುವುದು ಊರಿನ ಹೆಮ್ಮೆಗೂ ಮುಜುಗರಕ್ಕೂ ಒಟ್ಟಿಗೆ ಕಾರಣವಾಗಿದೆ. ತಾತ ಮೈಸೂರು ಅರಮನೆಯ ವೈದ್ಯರಾಗಿದ್ದರೆಂದು ಜೀವನಚರಿತ್ರೆಗಳು ಹೇಳುತ್ತವೆ; ಬಾಲ್ಯದ ಓದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ; ನಾಯಕಿಯಾಗಿ ಮೊದಲ ಹೆಸರು ತಂದದ್ದು 1964ರ ಕನ್ನಡ ಚಿತ್ರ ‘ಚಿನ್ನದ ಗೊಂಬೆ’. 1970ರ ದಶಕದ ಕೊನೆಯ ಹೊತ್ತಿಗೆ, ಇನ್ನೂ ರಾಜಕೀಯಕ್ಕೆ ಬಾರದ ಅವರು, ತಮಿಳಿನ ‘ಕುಮುದಂ’ ವಾರಪತ್ರಿಕೆಯಲ್ಲಿ ತಮ್ಮ ಬದುಕನ್ನು ಧಾರಾವಾಹಿಯಾಗಿ ಬರೆಯತೊಡಗಿದರು. ತಾಯಿ, ಒಂಟಿತನ, ಚಿತ್ರರಂಗ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದ ಆ ಬರಹ ನಡುವೆ ನಿಂತುಬಿಟ್ಟಿತು. 1982ರಲ್ಲಿ ಅಣ್ಣಾ ಡಿಎಂಕೆ ಸೇರಿದರು. 1984ರಿಂದ 1989ರವರೆಗೆ ರಾಜ್ಯಸಭೆ. ಅಣ್ಣಾದುರೈ ಕುಳಿತಿದ್ದ 185ನೇ ಆಸನವೇ ಅವರಿಗೆ ಸಿಕ್ಕಿತೆಂಬ ಮಾತನ್ನು ಅವರ ಜೀವನಚರಿತ್ರೆಗಳು ತಪ್ಪದೆ ದಾಖಲಿಸುತ್ತವೆ. ಸದನದ ಒಂದು ಕುರ್ಚಿ ಪಕ್ಷದ ಪರಂಪರೆಗೆ ಹಕ್ಕುಪತ್ರವಾಗುವ ಬಗೆ ಇದು. ಅಲ್ಲಿ ಕುಳಿತು ಅವರು ಆಡಿದ್ದೇನು ಎಂಬುದರ ಚರ್ಚೆ ಕುರ್ಚಿಯ ಸಂಖ್ಯೆಯ ಚರ್ಚೆಯಷ್ಟು ನಡೆದಿಲ್ಲ.

ಅಧಿಕಾರ ಬಂದ ಮೇಲೆ ಅವರು ತಮ್ಮ ಬಗ್ಗೆ ಬರೆಯಲಿಲ್ಲ. ಬೇರೆಯವರು ಬರೆಯುವುದನ್ನೂ ಒಪ್ಪಲಿಲ್ಲ. ಲೇಖಕಿ ವಾಸಂತಿ ಬರೆದ ಜೀವನಚರಿತ್ರೆಗೆ ನ್ಯಾಯಾಲಯದಿಂದ ತಡೆ ತಂದರು. ಬದುಕಿನ ಕಥೆಯನ್ನು ಇಷ್ಟು ಬಿಗಿಯಾಗಿ ಹಿಡಿದ ಈ ನಿಲುವಿನ ಹಿಂದೆ ಹುಟ್ಟೂರಿನ ಪ್ರಶ್ನೆಯೂ ಇತ್ತೆಂದು ನಾನು ನಂಬುತ್ತೇನೆ. ತಾನು ತಮಿಳಳು ಎಂದು ಹೇಳಿದ್ದಕ್ಕಾಗಿ 1970ರ ದಶಕದ ಆರಂಭದಲ್ಲಿ ಮೈಸೂರಿನ ಸ್ಟುಡಿಯೊವೊಂದರಲ್ಲಿ ಕನ್ನಡ ಚಳವಳಿಗಾರರು ಅವರನ್ನು ಸುತ್ತುವರಿದು ಕ್ಷಮೆ ಕೇಳುವಂತೆ ಒತ್ತಾಯಿಸಿದರು, ಅವರು ಮಣಿಯಲಿಲ್ಲ ಎಂಬುದನ್ನು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ತಮಿಳುನಾಡಿನಲ್ಲಿ ಎದುರಾಳಿಗಳು ಇದಕ್ಕೆ ತದ್ವಿರುದ್ಧವಾಗಿ ಅವರನ್ನು ಕರ್ನಾಟಕದವಳು ಎಂದರು. ಎರಡು ಕಡೆಯೂ ಲೆಕ್ಕ ಕೇಳುವಾಗ ಮೇಲುಕೋಟೆಯನ್ನು ಕುರಿತು ಒಂದು ಅಧ್ಯಾಯ ಬರೆಯುವುದು ಸುಲಭವಲ್ಲ. ಬೆಟ್ಟದ ಮೇಲಿನ ಈ ಊರಿನ ಅಯ್ಯಂಗಾರ್ ಮನೆಗಳಲ್ಲಿ ತಮಿಳೂ ಕನ್ನಡವೂ ತಲೆತಲಾಂತರದಿಂದ ಜೊತೆಯಲ್ಲಿವೆ. ಇದೇ ಊರಿನಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಅಂಥ ಮನೆಯಿಂದಲೇ ಬಂದು ಕನ್ನಡದ ಹಿರಿಯ ಕವಿಯಾದರು. ಮೈಸೂರು ಸೇನೆಯ ಕಚೇರಿಯಲ್ಲೂ ಬಳಿಕ ರಾಜ್ಯ ಶಾಸನಸಭೆಯ ಕಚೇರಿಯಲ್ಲೂ ಅವರು ದುಡಿದದ್ದನ್ನು ಇಲ್ಲಿ ನೆನೆಯಬೇಕು: ಶಾಸಕರ ಮಾತು ದಾಖಲೆಯಾಗುವ ಜಾಗದಲ್ಲಿ ಮೇಲುಕೋಟೆಯ ಒಬ್ಬ ಕವಿ ಇದ್ದ.

ಈಗ ಕಾವೇರಿಗೆ ಮರಳೋಣ. ಜಯಲಲಿತಾ ಮೊದಲ ಸಲ ಮುಖ್ಯಮಂತ್ರಿಯಾದದ್ದು 1991ರ ಜೂನ್ 24ರಂದು. ಮರುದಿನವೇ ಕಾವೇರಿ ನ್ಯಾಯಾಧಿಕರಣದ ಮಧ್ಯಂತರ ಆದೇಶ ಬಂತು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ. 1993ರ ಜುಲೈಯಲ್ಲಿ ಅವರು ಮರೀನಾದಲ್ಲಿ ಉಪವಾಸ ಕುಳಿತರು. ಮಂಡ್ಯದಲ್ಲಿ ಆಗ ಸಂಸದರಾಗಿದ್ದ ಜಿ. ಮಾದೇಗೌಡರು ಬೀದಿಯ ಹೋರಾಟಕ್ಕೂ ಮುಂದಾಳು. 2002ರಲ್ಲಿ ರೈತರೊಬ್ಬರು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟ ಮೇಲೆ ಕೃಷ್ಣ ಸರ್ಕಾರ ನೀರು ನಿಲ್ಲಿಸಿತು. ತಮಿಳುನಾಡು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿತು. ಅಕ್ಟೋಬರಿನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಬೇಕಾಯಿತು. 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಟಿಎಂಸಿ ಎಂದಾಗ ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದ ಅಂಬರೀಶ್ ರಾಜೀನಾಮೆ ಕೊಟ್ಟರು. ಈ ಕಥೆಯ ಮುಖ್ಯ ಪಾತ್ರಗಳಲ್ಲಿ ನಾಲ್ವರು ಈ ಜಿಲ್ಲೆಯವರೇ, ನಾಲ್ವರೂ ಸಂಸತ್ತನ್ನು ಕಂಡವರೇ. ಅಂಬರೀಶ್ 2018ರಲ್ಲಿ, ಮಾದೇಗೌಡರು 2021ರಲ್ಲಿ, ಕೃಷ್ಣ 2024ರ ಡಿಸೆಂಬರ್ 10ರಂದು ತೀರಿಕೊಂಡರು. ಜಯಲಲಿತಾ ಅವರೆಲ್ಲರಿಗಿಂತ ಮೊದಲೇ, 2016ರಲ್ಲಿ.

ಜಯಲಲಿತಾ ಬರೆಯದೆ ಹೋದದ್ದರಿಂದ ಆದ ನಷ್ಟವನ್ನು ಹೀಗೆ ವಿವರಿಸುತ್ತೇನೆ. ಆತ್ಮಕಥನಗಳು ಒಂದನ್ನೊಂದು ತಿದ್ದುತ್ತವೆ. ಎದುರು ಪಕ್ಷದವನ ನೆನಪಿಲ್ಲದೆ ಯಾರ ನೆನಪೂ ಪರೀಕ್ಷೆಗೆ ಒಳಗಾಗುವುದಿಲ್ಲ. ಕಾವೇರಿಯ ವಿಷಯದಲ್ಲಿ ಕೃಷ್ಣರ ಕಥನದ ಎದುರು ಇಡಲು ಜಯಲಲಿತಾರ ಕಥನವಿಲ್ಲ. ಹೀಗಿರುವಾಗ ಕೃಷ್ಣರ ಮಾತನ್ನೇ ಚರಿತ್ರೆಯೆಂದು ಬಗೆಯುವುದು ಅವರಿಗೂ ಮಾಡುವ ಅನ್ಯಾಯ. ಅವರೇ ಸಹಿ ಹಾಕಿದ ಪ್ರಮಾಣಪತ್ರಗಳು, ನ್ಯಾಯಾಧಿಕರಣದ ಮುಂದಿನ ದಾಖಲೆಗಳು, ಎರಡೂ ವಿಧಾನಸಭೆಗಳ ನಡವಳಿ, ಸಂಸತ್ತಿನಲ್ಲಿ ಎರಡೂ ರಾಜ್ಯದ ಸದಸ್ಯರು ಕೇಳಿದ ಪ್ರಶ್ನೆಗಳು ಇವೆಲ್ಲ ಆ ಖಾಲಿ ಪಕ್ಕಕ್ಕೆ ಬರಬೇಕು. ಹಾಗೆಯೇ ‘ಕುಮುದಂ’ ಧಾರಾವಾಹಿಯೂ ಜಯಲಲಿತಾರ ರಾಜ್ಯಸಭೆಯ ಭಾಷಣಗಳೂ ಕನ್ನಡಕ್ಕೆ ಬರಬೇಕು. ಮೇಲುಕೋಟೆಯ ಮಗಳೊಬ್ಬಳ ಮಾತನ್ನು ಮೇಲುಕೋಟೆಯ ಓದುಗ ತನ್ನ ನುಡಿಯಲ್ಲಿ ಓದಲಾಗದಿರುವುದು ನನಗೆ ನಿಜವಾಗಿ ನೋವಿನ ಸಂಗತಿ. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು.

ಬದುಕಿರುವ ಮಾಜಿ ಸಂಸದರ ವಿಷಯದಲ್ಲಿ ಕೆಲಸಕ್ಕೆ ಇನ್ನೂ ಅವಕಾಶವಿದೆ. ಚುನಾವಣೆಯ ಗೆಲುವು ಸೋಲಿನ ಕಥೆಯನ್ನು ಅವರಿಂದ ಎಲ್ಲರೂ ಕೇಳಿದ್ದಾರೆ. ಕೇಳಬೇಕಾದದ್ದು ಬೇರೆ: ಮೊದಲ ಚುಕ್ಕೆ ಗುರುತಿನ ಪ್ರಶ್ನೆಯನ್ನು ಯಾರು ಬರೆದುಕೊಟ್ಟರು, ಯಾವ ಸ್ಥಾಯಿ ಸಮಿತಿಯಲ್ಲಿ ಯಾವ ಕಡತ ನೋಡಿದರು, ಸಕ್ಕರೆ ಕಾರ್ಖಾನೆಯ ಮನವಿ ಹಿಡಿದು ಯಾವ ಸಚಿವಾಲಯದ ಬಾಗಿಲು ತಟ್ಟಿದರು, ಭಾಷೆ ಎಲ್ಲಿ ಅಡ್ಡ ಬಂತು. ದಿಲ್ಲಿಯ ಮನೆಯಲ್ಲಿ ಇದ್ದು ಕಾಗದಪತ್ರ ನೋಡಿಕೊಂಡ ಆಪ್ತ ಸಹಾಯಕರ ನೆನಪು ಹಲವು ಸಲ ಸಂಸದರ ನೆನಪಿಗಿಂತ ಖಚಿತವಾಗಿರುತ್ತದೆ. ಜಿಲ್ಲೆಯ ಕಾಲೇಜುಗಳ ರಾಜ್ಯಶಾಸ್ತ್ರ, ಇತಿಹಾಸ ವಿಭಾಗಗಳು ಇದನ್ನು ಕೈಗೆತ್ತಿಕೊಳ್ಳಬಹುದು. ಆರಂಭಕ್ಕೆ ಎಂ.ಕೆ. ಶಿವನಂಜಪ್ಪನವರೇ ತಕ್ಕವರು. 1952ರ ಮೊದಲ ಲೋಕಸಭೆಯಿಂದ ನಾಲ್ಕನೆಯದರವರೆಗೆ ಕುಳಿತವರ ಹೆಸರು ಇಂದು ಜಿಲ್ಲೆಯ ಹೊಸ ತಲೆಮಾರಿಗೆ ಅಷ್ಟಾಗಿ ಪರಿಚಯವಿಲ್ಲ. ಲೋಕಸಭೆಯ ನಡವಳಿಗಳು ಈಗ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಎಲ್ಲರಿಗೂ ತೆರೆದಿವೆ, ಸದಸ್ಯರ ಹೆಸರಿನ ಮೇಲೆ ಹುಡುಕಬಹುದು. ನೆಹರೂ ಕಾಲದ ಸದನದಲ್ಲಿ ಮಂಡ್ಯದ ಹೆಸರಿನಲ್ಲಿ ಎದ್ದ ಪ್ರಶ್ನೆಗಳನ್ನು ವರ್ಷವಾರು ಹೆಕ್ಕಿ, ಕನ್ನಡಕ್ಕೆ ತಂದು, ಆ ಕಾಲದ ಸ್ಥಳೀಯ ಪತ್ರಿಕೆಗಳ ಜೊತೆ ಹೋಲಿಸುವುದು ಒಬ್ಬ ಸಂಶೋಧಕ ಇಂದೇ ತೊಡಗಬಹುದಾದ ಕೆಲಸ.